ಬೀಗ, ಬೀಗದ ಕೈ ಮತ್ತು ನಾವು

ಊರಿಗೆ ಹೊರಟ ಹೆಂಗಸರನ್ನು ಬಸ್ಸಿನಲ್ಲಿ ಗಮನಿಸಿ ನೋಡಿ. ಮಕ್ಕಳು, ಚೀಲ, ನೀರಿನ ಬಾಟಲಿ ಎಲ್ಲವನ್ನೂ ಎಣಿಸಿಕೊಂಡು ಸೀಟು ಹಿಡಿದು ಕುಳಿತಾಗಿರುತ್ತದೆ. ಬಸ್ಸು ಊರ ಗಡಿ ದಾಟಬೇಕು ಎನ್ನುವಾಗ ಮುಖದ ಮೇಲೆ ಒಂದು ಚಿಂತೆ ಸುಳಿಯುತ್ತದೆ. ಹಿತ್ತಿಲ ಬಾಗಿಲಿನ ಚಿಲಕ ಹಾಕಿದೆನೋ ಇಲ್ಲವೋ? ಬೀರುವಿನ ಕೀಲಿಕೈ ದೇವರ ಮನೆಯಲ್ಲಿಟ್ಟೆನೋ, ಅಡಿಗೆಮನೆಯ ಡಬ್ಬಿಯಲ್ಲಿಟ್ಟೆನೋ? ಪಕ್ಕದಲ್ಲಿ ಕುಳಿತ ಯಜಮಾನರು ಆ ಹೊತ್ತಿಗೆ ಪೇಪರಿನಲ್ಲಿ ಮುಳುಗಿರುತ್ತಾರೆ. ಅವರಿಗೆ ಮರೆವು ಕಡಿಮೆ ಎಂದಲ್ಲ. ಬಾಗಿಲು ಹಾಕುವುದು ತಮ್ಮ ಕೆಲಸವೆಂದು ಅವರಿಗೆ ಎಂದೂ ಅನಿಸಿಲ್ಲ, ಅಷ್ಟೆ.

ಮನೆಯ ಪತ್ರ ಸಾಮಾನ್ಯವಾಗಿ ಗಂಡಸಿನ ಹೆಸರಿನಲ್ಲಿರುತ್ತದೆ, ಮನೆ ಕಾಯುವ ಚಿಂತೆ ಹೆಂಗಸಿನ ತಲೆಯಲ್ಲಿರುತ್ತದೆ. ಇದು ಯಾವಾಗಿನಿಂದ ಹೀಗೆ? ಹಿಂದಿನವರು ಮನೆಯನ್ನು ಹೇಗೆ ಕಾಯುತ್ತಿದ್ದರು? ಯಾರಿಂದ ಕಾಯುತ್ತಿದ್ದರು? ಕೋಟೆಗಳ ಬಗ್ಗೆ, ಅವುಗಳ ಮುತ್ತಿಗೆಗಳ ಬಗ್ಗೆ ನಾವು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇವೆ. ಮನೆಯ ಬಾಗಿಲಿನ ಇತಿಹಾಸವನ್ನು ಹೇಳುವುದಿಲ್ಲ. ಆದರೆ ಕೋಟೆಯ ಬಾಗಿಲಿಗಿಂತ ಮನೆಯ ಬಾಗಿಲಿನ ಕಥೆಯೇ ನಮ್ಮ ಬದುಕಿಗೆ ಹೆಚ್ಚು ಹತ್ತಿರದ್ದು.

ಮೊದಲು ಕಳುವಾಗುತ್ತಿದ್ದ ಸಂಪತ್ತು ಮನೆಯೊಳಗೆ ಇರಲೇ ಇಲ್ಲ. ಅದು ನಾಲ್ಕು ಕಾಲಿನ ಮೇಲೆ ಊರ ಹೊರಗೆ ಮೇಯುತ್ತಿತ್ತು. ಗೋವೇ ಧನವಾಗಿದ್ದ ಕಾಲದಲ್ಲಿ ದನ ಹೊಡೆದುಕೊಂಡು ಹೋಗುವುದೇ ದೊಡ್ಡ ಕಳವು. ಹಳಗನ್ನಡದಲ್ಲಿ ಇದಕ್ಕೆ ತುರುಗೋಳ್ ಎಂದು ಹೆಸರು. ನಮ್ಮ ಹಳ್ಳಿಗಳಲ್ಲಿ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳನ್ನು ನೀವು ನೋಡಿರಬಹುದು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ಅವುಗಳಲ್ಲಿ ಅನೇಕವು ರಾಜರ ಯುದ್ಧದಲ್ಲಿ ಸತ್ತವರವಲ್ಲ, ಊರಿನ ದನ ಬಿಡಿಸಿಕೊಳ್ಳಲು ಹೋಗಿ ಸತ್ತವರವು. ಊರಿನ ಹೆಂಗಸರ ಮಾನ ಕಾಯಲು ಹೋಗಿ ಮಡಿದವರಿಗೂ ಕಲ್ಲು ನಿಲ್ಲಿಸಿದ್ದಾರೆ, ಅದನ್ನು ಪೆಣ್ಬುಯ್ಯಲ್ ಎನ್ನುತ್ತಿದ್ದರು. ಒಬ್ಬರ ಸೊತ್ತು ಹೋದರೆ ಅದು ಊರಿನ ಕಾರ್ಯವಾಗುತ್ತಿತ್ತು ಎಂಬುದಕ್ಕೆ ಈ ಕಲ್ಲುಗಳು ಸಾಕ್ಷಿ. ಇಂದು ಪಕ್ಕದ ಮನೆಯ ಬೀಗ ಒಡೆಯುವ ಸದ್ದು ಕೇಳಿದರೆ ನಮ್ಮ ಮನೆಯ ಚಿಲಕ ಇನ್ನೊಮ್ಮೆ ನೋಡಿಕೊಳ್ಳುವ ನಮಗೆ ಆ ಕಲ್ಲುಗಳ ಮುಂದೆ ಒಂದು ನಿಮಿಷ ನಿಲ್ಲುವುದು ಒಳ್ಳೆಯದು.

ಮನೆಯೊಳಗಿನ ಸಂಪತ್ತೆಂದರೆ ಕಾಳು, ಕಡಿ, ನಾಲ್ಕು ಒಡವೆ. ಉತ್ತರ ಕರ್ನಾಟಕದಲ್ಲಿ ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ಬಾಯಿಗೆ ಮಣ್ಣು ಮುಚ್ಚುತ್ತಿದ್ದರು. ಒಡವೆ ಗೋಡೆಯ ಗೂಡಿನಲ್ಲೋ ನೆಲದಲ್ಲಿ ಹೂತ ತಂಬಿಗೆಯಲ್ಲೋ ಇರುತ್ತಿತ್ತು. ಹೂತವರು ಹೇಳದೆ ಸತ್ತು, ಮುಂದೆ ಯಾರೋ ಪಾಯ ತೋಡುವಾಗ ಸಿಕ್ಕಿದ್ದನ್ನು ನಿಧಿ ಎಂದರು. ಅಂಥ ನಿಧಿ ಯಾರದು ಎಂಬ ಜಗಳ ತೀರಿಸಲು 1878ರಲ್ಲಿ ಬ್ರಿಟಿಷ್ ಸರಕಾರ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು ಅದು ವಿಧಿಸಿತು.

ಹಳೆಯ ಮನೆಗಳ ಕಟ್ಟಡವನ್ನೇ ನೋಡಿ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ತಗ್ಗಿ ಒಳಗೆ ಹೋಗಬೇಕಾದ ಒಂದೇ ಬಾಗಿಲು, ಕಿಟಕಿಯ ಬದಲು ಮಾಳಿಗೆಯ ಮೇಲೊಂದು ಬೆಳಕಿಂಡಿ. ಬಾಗಿಲಿಗೆ ಒಳಗಿನಿಂದ ಅಗುಳಿ, ಅಂದರೆ ಗೋಡೆಯ ಒಂದು ತೂತಿನಿಂದ ಎಳೆದು ಎದುರಿನ ತೂತಿಗೆ ಸೇರಿಸುವ ಅಡ್ಡಮರ. ಸಂಸ್ಕೃತದ ಅರ್ಗಲವೇ ನಮ್ಮ ಅಗುಳಿ. ಈ ಅಗುಳಿಯ ಒಂದು ಗುಣವನ್ನು ನಾವು ಗಮನಿಸಬೇಕು. ಅದನ್ನು ಒಳಗಿನಿಂದ ಮಾತ್ರ ಹಾಕಬಹುದು. ಎಂದರೆ ಒಳಗೆ ಯಾರಾದರೂ ಇರಲೇಬೇಕು. ಮನೆ ಎಂದೂ ಖಾಲಿ ಬೀಳದು ಎಂದು ನಂಬಿದ ಕಾಲದ ಸಾಧನ ಅದು. ಅಜ್ಜಿಯೋ, ಸೊಸೆಯೋ, ಬಾಣಂತಿ ಮಗಳೋ, ವಿಧವೆಯಾಗಿ ತವರಿಗೆ ಬಂದ ಸೋದರತ್ತೆಯೋ ಒಳಗೆ ಇದ್ದೇ ಇರುತ್ತಿದ್ದರು. ನಿಜವಾದ ಬೀಗ ಅವರೇ. ಆ ಕಾಲದಲ್ಲಿ ಬೀಗವೇ ಬೇಕಿರಲಿಲ್ಲ ಎಂದು ಹಿರಿಯರು ಹೆಮ್ಮೆಯಿಂದ ಹೇಳುವಾಗ, ಮನೆಯಲ್ಲೇ ಕುಳಿತು ಬೀಗವಾದವರು ಯಾರು ಎಂಬುದನ್ನು ಹೇಳುವುದಿಲ್ಲ. ಹೆಣ್ಣುಮಕ್ಕಳು ಶಾಲೆಗೆ, ಕಚೇರಿಗೆ, ಆಸ್ಪತ್ರೆಗೆ ಕೆಲಸಕ್ಕೆ ಹೊರಟ ಮೇಲೆಯೇ ನಮ್ಮ ಪಟ್ಟಣಗಳ ಮನೆಗಳಿಗೆ ಹಗಲಿನಲ್ಲೂ ಹೊರಗಿನಿಂದ ಬೀಗ ಬಿದ್ದದ್ದು. ಆದ್ದರಿಂದ ಬಾಗಿಲಿನ ಹೊರಗೆ ತೂಗುವ ಬೀಗವನ್ನು ಕಂಡರೆ ನನಗೆ ಕಾಲ ಕೆಟ್ಟಿತು ಎಂದು ಅನಿಸುವುದಿಲ್ಲ.

ಬಾಗಿಲು ಗಟ್ಟಿಯಾದಾಗ ಕಳ್ಳ ಗೋಡೆಗೆ ಕೈಹಾಕಿದ. ಅದೇ ಕನ್ನ. ಶೂದ್ರಕ ಬರೆದನೆಂದು ಹೇಳುವ ಮೃಚ್ಛಕಟಿಕ ನಾಟಕದಲ್ಲಿ ಕನ್ನದ ಒಂದು ಅಂಕವೇ ಇದೆ. ಶರ್ವಿಲಕ ಎಂಬ ಬ್ರಾಹ್ಮಣ ಯುವಕ ಚಾರುದತ್ತನ ಮನೆಗೆ ಕನ್ನ ಕೊರೆಯುತ್ತಾನೆ. ಅವನಿಗೆ ಅದೊಂದು ಶಾಸ್ತ್ರ. ಕನ್ನವನ್ನು ತಾವರೆಯಂತೆ ಕೊರೆಯಬೇಕೋ, ಬಾಲಚಂದ್ರನಂತೆಯೋ, ಪೂರ್ಣಕುಂಭದಂತೆಯೋ ಎಂದು ಲೆಕ್ಕ ಹಾಕುತ್ತಾನೆ. ಅಳತೆಯ ದಾರ ಮರೆತು ಬಂದಿದ್ದರಿಂದ ಜನಿವಾರವನ್ನೇ ಅಳತೆಗೆ ಬಳಸುತ್ತಾನೆ. ಅವನು ಕದ್ದದ್ದು ವಸಂತಸೇನೆ ಚಾರುದತ್ತನಲ್ಲಿ ನಂಬಿಕೆಯಿಂದ ಇಟ್ಟಿದ್ದ ಒಡವೆಯ ಗಂಟು. ಕದ್ದದ್ದು ಅವಳದೇ ದಾಸಿ ಮದನಿಕೆಯನ್ನು ಬಿಡಿಸಿಕೊಂಡು ಮದುವೆಯಾಗಲು.

ಓದುಗರು ಶರ್ವಿಲಕನ ಜಾಣತನವನ್ನು ಮೆಚ್ಚಿ ಮುಂದೆ ಹೋಗುತ್ತಾರೆ. ಆದರೆ ಈ ಕಳವಿನ ನಷ್ಟ ತುಂಬಿಕೊಟ್ಟವರು ಯಾರು? ಚಾರುದತ್ತನ ಹೆಂಡತಿ ಧೂತೆ. ಮನೆಯಲ್ಲಿ ಬಡತನ, ಗಂಡನಿಗೆ ಇನ್ನೊಬ್ಬಳ ಮೇಲೆ ಒಲವು. ಒಡವೆಯನ್ನು ಚಾರುದತ್ತನೇ ನುಂಗಿದನೆಂದು ಜನ ಆಡಿಕೊಂಡಾರು ಎಂದು ಹೆದರಿ, ಆಕೆ ತನ್ನ ತಾಯಿಯ ಮನೆಯಿಂದ ಬಂದ ರತ್ನಹಾರವನ್ನು ಬಿಚ್ಚಿ ಕೊಡುತ್ತಾಳೆ. ಗಂಡ ಅದನ್ನು ವಸಂತಸೇನೆಗೆ ಕಳಿಸುತ್ತಾನೆ. ಕನ್ನ ಬಿದ್ದದ್ದು ಗಂಡನ ಗೋಡೆಗೆ, ಖಾಲಿಯಾದದ್ದು ಹೆಂಡತಿಯ ಕೊರಳು. ಈ ಲೆಕ್ಕ ನಮ್ಮ ಮನೆಗಳಲ್ಲಿ ಇಂದಿಗೂ ಎಷ್ಟು ಸಲ ಹೀಗೆಯೇ ಮುಗಿಯುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಧೂತೆ ಕೊಟ್ಟದ್ದು ಸ್ತ್ರೀಧನ. ಸ್ತ್ರೀಧನದ ಮಾತು ಬಂದಾಗ ನಮ್ಮ ನಾಡಿನವನೇ ಆದ ವಿಜ್ಞಾನೇಶ್ವರನನ್ನು ನೆನೆಯಲೇಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಮುಂದೆ ದೇಶದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಯ ನ್ಯಾಯ ಅದರ ಮೇಲೆಯೇ ನಡೆಯಿತು. ಕಳವಿನ ವಿಷಯದಲ್ಲಿ ಯಾಜ್ಞವಲ್ಕ್ಯ ಹೇಳಿದ ಎರಡು ಮಾತುಗಳು ನಮಗೆ ಮುಖ್ಯ. ಒಂದು, ಕಳ್ಳರು ಒಯ್ದ ಸೊತ್ತನ್ನು ಪ್ರಜೆಗೆ ಕೊಡಿಸುವುದು ರಾಜನ ಹೊಣೆ. ಕೊಡಿಸದಿದ್ದರೆ ಆ ಪಾಪ ಅವನದು. ಎರಡು, ಕಳ್ಳನ ಹೆಜ್ಜೆ ಊರಿನಿಂದ ಹೊರಗೆ ಹೋದದ್ದು ಕಾಣದಿದ್ದರೆ ದೋಷ ಊರಿನ ಒಡೆಯನ ಮೇಲೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಊರಿನೊಳಗೆ ವ್ಯಾಪಾರಿಯ ಸರಕು ಕಳುವಾದರೆ ಊರ ಮುಖ್ಯಸ್ಥ ತುಂಬಿಕೊಡಬೇಕೆಂಬ ನಿಯಮವಿದೆ. ಬರೆದಂತೆ ಎಲ್ಲ ರಾಜರೂ ನಡೆದರೆಂದು ನಾನು ಹೇಳಲಾರೆ. ಆದರೆ ಕಳವಾದಾಗ ಮೊದಲು ಕೇಳುವ ಪ್ರಶ್ನೆ "ನೀನೇಕೆ ಸರಿಯಾಗಿ ಬೀಗ ಹಾಕಲಿಲ್ಲ?" ಎಂಬುದಾಗಿರಲಿಲ್ಲ, "ಕಾಯಬೇಕಾದವರು ಎಲ್ಲಿದ್ದರು?" ಎಂಬುದಾಗಿತ್ತು.

ಹಳ್ಳಿಗಳಲ್ಲಿ ಹಾಗೆ ಕಾಯುತ್ತಿದ್ದವರು ತಳವಾರರು, ತೋಟಿಗಳು. ಆಯಗಾರರ ಪದ್ಧತಿಯಲ್ಲಿ ಅವರಿಗೆ ಸುಗ್ಗಿಯಲ್ಲಿ ಇಷ್ಟು ಕಾಳು, ಉಂಬಳಿಯಾಗಿ ಇಷ್ಟು ನೆಲ. ರಾತ್ರಿ ಗಸ್ತು ತಿರುಗುವುದು, ಹೊಸಬರು ಬಂದರೆ ಗೌಡರಿಗೆ ತಿಳಿಸುವುದು, ಹೆಜ್ಜೆ ಹಿಡಿದು ಕಳ್ಳನನ್ನು ಹುಡುಕುವುದು ಅವರ ಕೆಲಸ. ಇದನ್ನು ಬರೀ ಸುಖದ ಕಾಲವೆಂದು ವರ್ಣಿಸಬಾರದು. ಊರನ್ನು ಕಾದವನಿಗೆ ಊರಿನ ಮನೆಯೊಳಗೆ ಪ್ರವೇಶವಿರಲಿಲ್ಲ, ಹುಟ್ಟಿನಿಂದ ಅಂಟಿದ ಚಾಕರಿಯಿಂದ ಬಿಡುಗಡೆಯೂ ಇರಲಿಲ್ಲ. ಪಟೇಲ, ಶಾನುಭೋಗ, ತಳವಾರಿಕೆ, ತೋಟಿಕೆ ಮುಂತಾದ ವಂಶಪಾರಂಪರ್ಯ ಹುದ್ದೆಗಳನ್ನು ನಮ್ಮ ರಾಜ್ಯ 1961ರ ಕಾಯಿದೆಯಿಂದ ರದ್ದುಪಡಿಸಿದ್ದು ನ್ಯಾಯವೇ. ಆದರೆ ಅವರ ಜಾಗದಲ್ಲಿ ಊರನ್ನು ಕಾಯುವವರು ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ನಮ್ಮ ಕೈಗೆ ಬಂದದ್ದು ಬೀಗ.

ಬೀಗದ ಕಥೆ ಬಹಳ ಹಳೆಯದು. ಪ್ರಾಚೀನ ಈಜಿಪ್ಟಿನಲ್ಲಿ ಮರದ ಬೀಗವಿತ್ತು. ಅಗುಳಿಯೊಳಗೆ ಮೇಲಿನಿಂದ ಮರದ ಮೊಳೆಗಳು ಬಿದ್ದು ಅದನ್ನು ಹಿಡಿಯುತ್ತಿದ್ದವು, ಹಲ್ಲುಜ್ಜುವ ಬ್ರಶ್ಶಿನಂಥ ದೊಡ್ಡ ಕೀಲಿಯಿಂದ ಮೊಳೆಗಳನ್ನು ಎತ್ತಿದರೆ ಬಾಗಿಲು ತೆರೆಯುತ್ತಿತ್ತು. ರೋಮನರು ಲೋಹದ ಬೀಗ ಮಾಡಿದರು. ಅವರ ಕೆಲವು ಕೀಲಿಗಳು ಬೆರಳಿಗೆ ಹಾಕುವ ಉಂಗುರದಂತಿದ್ದವು. ಮನೆಯ ಕೀಲಿ ಗೃಹಿಣಿಯ ಬಳಿ ಇರುತ್ತಿತ್ತು. ಹೆಂಡತಿಯನ್ನು ಬಿಡುವ ಗಂಡ ಅವಳಿಂದ ಕೀಲಿಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ, ಅದೇ ವಿಚ್ಛೇದನದ ಗುರುತು. ಕೊಟ್ಟವರು ಕಿತ್ತುಕೊಳ್ಳಬಹುದಾದ ಅಧಿಕಾರ ಅದು. ನಮ್ಮ ಅತ್ತೆಯಂದಿರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಕೀಲಿಕೈ ಗೊಂಚಲೂ ಬಹುಮಟ್ಟಿಗೆ ಅಂಥದೇ. ಅದನ್ನು ಸೊಸೆಯ ಕೈಗಿಟ್ಟ ದಿನ ಮನೆಯ ಆಡಳಿತ ಬದಲಾಯಿತೆಂದು ಎಲ್ಲರೂ ಹೇಳುತ್ತಿದ್ದರು. ಆದರೆ ಕೀಲಿಯಿಂದ ತೆಗೆದ ಪೆಟ್ಟಿಗೆಯೊಳಗೆ ಅತ್ತೆಯದು ಎಷ್ಟು, ಸೊಸೆಯದು ಎಷ್ಟು ಎಂದು ಕೇಳಿದರೆ ಉತ್ತರವಿರುತ್ತಿರಲಿಲ್ಲ.

ಈಗಿನ ಬೀಗಗಳ ಪೀಳಿಗೆ ಶುರುವಾದದ್ದು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ. ಯಂತ್ರಗಳು ಬಂದವು, ವ್ಯಾಪಾರ ಬೆಳೆಯಿತು, ಪಟ್ಟಣಗಳಲ್ಲಿ ಅಪರಿಚಿತರು ಪಕ್ಕಪಕ್ಕದಲ್ಲಿ ವಾಸಮಾಡತೊಡಗಿದರು. ಬಡಗಿಯ ಕೆಲಸ ಕಲಿತಿದ್ದ ಜೋಸೆಫ್ ಬ್ರಾಮ 1784ರಲ್ಲಿ ಹೊಸ ಬೀಗವೊಂದಕ್ಕೆ ಪೇಟೆಂಟ್ ಪಡೆದ. ಲಂಡನ್ನಿನ ತನ್ನ ಅಂಗಡಿಯ ಗಾಜಿನ ಕಿಟಕಿಯಲ್ಲಿ ಅಂಥ ಒಂದು ಬೀಗ ತೂಗುಹಾಕಿ, ಕೀಲಿಯಿಲ್ಲದೆ ತೆಗೆದವರಿಗೆ 200 ಗಿನಿ ಬಹುಮಾನ ಎಂದು ಬರೆಸಿದ. 1818ರಲ್ಲಿ ಜೆರೆಮಾಯ ಚಬ್ ಇನ್ನೊಂದು ಜಾಣ ಬೀಗ ಮಾಡಿದ. ಯಾರಾದರೂ ಬೇರೆ ಸಲಾಕೆ ಹಾಕಿ ತಿರುವಿದರೆ ಅದು ಸಿಕ್ಕಿಕೊಂಡು, ಕಳ್ಳ ಕೈಹಾಕಿದ್ದನೆಂದು ಯಜಮಾನನಿಗೆ ತಿಳಿಸುತ್ತಿತ್ತು. ಇನ್ನು ಚಿಂತೆಯಿಲ್ಲ ಎಂದು ಇಂಗ್ಲೆಂಡು ನಿಟ್ಟುಸಿರು ಬಿಟ್ಟಿತು. 1851ರಲ್ಲಿ ಲಂಡನ್ನಿನಲ್ಲಿ ಮಹಾಪ್ರದರ್ಶನ ನಡೆದಾಗ ಅಮೆರಿಕದ ಬೀಗದ ವ್ಯಾಪಾರಿ ಆಲ್ಫ್ರೆಡ್ ಹಾಬ್ಸ್ ಅಲ್ಲಿಗೆ ಬಂದ. ಚಬ್‌ನ ಬೀಗವನ್ನು ಸುಮಾರು ಇಪ್ಪತ್ತೈದು ನಿಮಿಷದಲ್ಲಿ ತೆಗೆದ. ಬ್ರಾಮನ ಬೀಗಕ್ಕೆ ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ಹಿಡಿಯಿತು, ಕೊನೆಗೆ ಅದೂ ತೆರೆಯಿತು. 200 ಗಿನಿ ಅವನಿಗೆ ಸಂದಿತು. ಇಂಗ್ಲೆಂಡಿನ ಜನ ಎಷ್ಟು ಕಂಗಾಲಾದರೆಂದರೆ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಎಷ್ಟೇ ಒಳ್ಳೆಯ ಬೀಗವಾದರೂ ಕಳ್ಳನನ್ನು ತಡಮಾಡುತ್ತದೆ, ಅಷ್ಟೆ. ಆ ತಡದೊಳಗೆ ಯಾರಾದರೂ ನೋಡಬೇಕು, ಕೂಗಬೇಕು, ಬರಬೇಕು. ನೋಡುವವರೇ ಇಲ್ಲದ ಬೀದಿಯಲ್ಲಿ ಬ್ರಾಮನ ಬೀಗವೂ 51 ಗಂಟೆಯ ಮಾತು.

ಇಂದು ನಮ್ಮ ಮುಂಬಾಗಿಲುಗಳಲ್ಲಿರುವ ಚಪ್ಪಟೆ ಕೀಲಿಯ ಬೀಗ ಅಮೆರಿಕದ ಲೈನಸ್ ಯೇಲ್ 1860ರ ದಶಕದಲ್ಲಿ ಪೇಟೆಂಟ್ ಪಡೆದದ್ದು. ಅದರ ಒಳಗುಟ್ಟು ಅದೇ ಈಜಿಪ್ಟಿನ ಬೀಳುವ ಮೊಳೆಗಳು, ಮರದ ಬದಲು ಹಿತ್ತಾಳೆಯವು. ನಮ್ಮ ದೇಶದಲ್ಲಿ ಉತ್ತರದ ಅಲಿಗಢ, ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ ಹೆಸರಾದವು. ಹೈದರಾಲಿ 1755ರಲ್ಲಿ ಮೈಸೂರಿನ ಫೌಜುದಾರನಾಗಿ ಹೋದದ್ದು ಇದೇ ದಿಂಡಿಗಲ್ಲಿಗೆ. ಅಲ್ಲಿಯ ಕೈಕೆಲಸದ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಮುಂಬಯಿಯಲ್ಲಿ ವಕೀಲಿ ಬಿಟ್ಟು ಬಂದ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಬೀಗ ತಯಾರಿಸತೊಡಗಿದರು. ವಿದೇಶಿ ಬೀಗದ ಮುಂದೆ ಸ್ವದೇಶಿ ಬೀಗ ನಿಂತಿತು. ಬಳಿಕ ಬಂದ ಉಕ್ಕಿನ ಬೀರು ನಮ್ಮ ಮದುವೆ ಮಾತುಕತೆಗಳ ಪಟ್ಟಿಯಲ್ಲಿ ಹೇಗೆ ಸೇರಿತೆಂಬುದು ನಮಗೆಲ್ಲ ಗೊತ್ತಿದೆ. ಹೆಣ್ಣಿನ ತಂದೆ ಸಾಲ ಮಾಡಿ ಬೀರು ಕೊಡಿಸಿದ, ಅದರ ಕೀಲಿ ಅವನ ಮಗಳ ಕೈಯಲ್ಲಿ ಉಳಿಯಿತೇ ಎಂಬುದು ಬೇರೆ ಮಾತು. ಕನ್ನಡದಲ್ಲಿ ಬೀಗ ಎಂದರೆ ಮಗಳನ್ನು ಕೊಟ್ಟವರ, ತಂದವರ ನಂಟೂ ಹೌದು, ಬಾಗಿಲಿಗೆ ಹಾಕುವ ಸಾಧನವೂ ಹೌದು. ಎರಡೂ ಒಂದೇ ಉಚ್ಚಾರಕ್ಕೆ ಬಂದು ನಿಂತದ್ದು ನೋಡಿದರೆ ನಗು ಬರುತ್ತದೆ.

ಬೀಗದ ಜೊತೆಗೆ ಬ್ರಿಟಿಷರ ಕಾಲದಲ್ಲಿ ಕಾನೂನೂ ಬಂತು. 1860ರ ಭಾರತ ದಂಡ ಸಂಹಿತೆ ಮನೆಗಳವು, ಕನ್ನಗಳವುಗಳನ್ನು ಬಿಡಿಸಿ ಹೇಳಿತು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮನೆ ಒಡೆದರೆ ಶಿಕ್ಷೆ ಹೆಚ್ಚು. ಕಳವಿಗಾಗಿ ಹಗಲು ಮನೆ ಒಡೆದರೆ ಹತ್ತು ವರ್ಷದವರೆಗೆ, ರಾತ್ರಿ ಒಡೆದರೆ ಹದಿನಾಲ್ಕು ವರ್ಷದವರೆಗೆ. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದ್ದರೂ ಈ ಭೇದ ಹಾಗೆಯೇ ಉಳಿದಿದೆ. ಇನ್ನೊಂದು ಭೇದವೂ ಹಾಗೆಯೇ ಉಳಿದಿದೆ. ಸಾಮಾನ್ಯ ಕಳವಿಗೆ ಮೂರು ವರ್ಷದವರೆಗೆ ಶಿಕ್ಷೆಯಾದರೆ, ಆಳು ತನ್ನ ಒಡೆಯನ ಸೊತ್ತು ಕದ್ದರೆ ಏಳು ವರ್ಷದವರೆಗೆ. ನಂಬಿಕೆಗೆ ದ್ರೋಹ ಮಾಡಿದನೆಂಬುದು ಕಾರಣ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕದ್ದವನನ್ನು ಶಿಕ್ಷಿಸುವುದು ಕಾನೂನು. ಆದರೆ 1871ರಲ್ಲಿ ಬ್ರಿಟಿಷ್ ಸರಕಾರ ಕದಿಯದವರನ್ನೂ ಶಿಕ್ಷಿಸುವ ಕಾಯಿದೆ ಮಾಡಿತು. ಅದರ ಹೆಸರು ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್, ಅಪರಾಧಿ ಬುಡಕಟ್ಟುಗಳ ಕಾಯಿದೆ. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಇದು 1911ರ ತಿದ್ದುಪಡಿಯ ನಂತರ ದಕ್ಷಿಣಕ್ಕೂ ಬಂತು. ಉಪ್ಪು, ಕಾಳು ಹೇರಿಕೊಂಡು ಊರೂರು ಅಲೆಯುತ್ತಿದ್ದವರು, ಬುಟ್ಟಿ ಹೆಣೆಯುವವರು, ಆಟ ಆಡುವವರು, ಮನೆ ಇಲ್ಲದೆ ಸಂಚರಿಸುವವರು ಇಡೀ ಜಾತಿಗೆ ಜಾತಿಯೇ ಹುಟ್ಟುಗಳ್ಳರೆಂದು ಸರಕಾರಿ ಪುಸ್ತಕದಲ್ಲಿ ದಾಖಲಾದರು. ರೈಲು, ರಸ್ತೆ ಬಂದು ಅವರ ಹೇರಿನ ವ್ಯಾಪಾರ ಮುರಿದಿತ್ತು, ಕಾಡಿನ ಕಾಯಿದೆ ಬಂದು ಬಿದಿರು, ಹುಲ್ಲುಗಾವಲು ತಪ್ಪಿದ್ದವು. ಹೊಟ್ಟೆಯ ದಾರಿ ಮುಚ್ಚಿದವರನ್ನೇ ಕಳ್ಳರೆಂದು ಕರೆದದ್ದು ಹೀಗೆ. ಹೆಸರು ನೋಂದಣಿ, ಬೆರಳಚ್ಚು, ದಿನಕ್ಕೆ ಇಷ್ಟು ಸಲ ಹಾಜರಿ, ಊರು ಬಿಡಬೇಕಾದರೆ ಪಾಸು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಅವರನ್ನು ತಂತಿ ಬೇಲಿಯೊಳಗೆ ಕೂಡಿಹಾಕಿದ ವಸಾಹತುಗಳು ಎದ್ದವು. ಒಳಗಿದ್ದವರು ಹತ್ತಿರದ ಗಿರಣಿಗಳಲ್ಲಿ ದುಡಿದರು. ಹುಬ್ಬಳ್ಳಿ, ಗದಗಗಳಲ್ಲಿ ಆ ಓಣಿಗಳಿಗೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥ ಓಣಿಯ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಅವಳ ಹಾಜರಿ ಕಡಿಮೆಯಾಗಿತ್ತು, ಮನೆಯವರನ್ನು ಕರೆಸಿದೆ. ಅಜ್ಜಿ ಬಂದಳು. ಹಾಜರಿ ಕಡಿಮೆ ಇದೆ ಎಂದು ನಾನು ಹೇಳಿದ ಕೂಡಲೇ ಆ ಮುದುಕಿಯ ಮುಖ ಬಿಗಿಯಿತು. "ಬಾಯಾರ, ಆ ಶಬ್ದಾ ಒಂದು ಬ್ಯಾಡ್ರಿ. ನಮ್ಮಪ್ಪ ಸಾಯೂ ತನಕಾ ಹಾಜರಿ ಕೊಟ್ಟಾನ. ಜ್ವರಾ ಬಂದ್ರೂ ಹಾಜರಿ, ಮಗಾ ಸತ್ರೂ ಹಾಜರಿ. ಒಂದು ಸೂಜಿ ಕದ್ದಾಂವಲ್ಲ" ಎಂದಳು. ದಿನವೂ ಬೆಳಿಗ್ಗೆ ನಾನು ಕರೆಯುವ ಹಾಜರಿ ಪುಸ್ತಕಕ್ಕೆ ಇನ್ನೊಂದು ಅರ್ಥವಿದೆ ಎಂದು ನಾನು ಯಾವ ಬಿ.ಎಡ್. ತರಗತಿಯಲ್ಲೂ ಕಲಿತಿರಲಿಲ್ಲ.

ಆ ಕಾಯಿದೆಯನ್ನು ಸ್ವತಂತ್ರ ಭಾರತ 1952ರ ಆಗಸ್ಟ್ 31ರಂದು ರದ್ದುಮಾಡಿತು. ಆ ಜನ ವಿಮುಕ್ತರೆನಿಸಿಕೊಂಡರು. ಆದರೆ ಸ್ವಾತಂತ್ರ್ಯ ಅವರಿಗೆ ಐದು ವರ್ಷ ತಡವಾಗಿ ಬಂತು, ಪೂರ್ತಿಯಾಗಿಯೂ ಬರಲಿಲ್ಲ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಒಂದು ಸಮುದಾಯದ ಹೆಸರಿನೊಳಗೇ ಚೋರ ಎಂಬ ಮಾತು ಸೇರಿಕೊಂಡಿದೆ. ಆ ಮಕ್ಕಳು ಪ್ರಮಾಣಪತ್ರಕ್ಕಾಗಿ ಕಚೇರಿಗೆ ಹೋಗಿ ತಮ್ಮ ಬಾಯಿಂದಲೇ ಅದನ್ನು ಹೇಳಬೇಕು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಜೈಲುಗಳ ಕೈಪಿಡಿಗಳನ್ನು ಪರಿಶೀಲಿಸಿ, ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನೂ ವಿಮುಕ್ತ ಬುಡಕಟ್ಟುಗಳವರನ್ನು ಹುಟ್ಟಿನಿಂದಲೇ ರೂಢಿಗಳ್ಳರಂತೆ ಕಾಣುವ ಮಾತುಗಳನ್ನೂ ಸಂವಿಧಾನಕ್ಕೆ ವಿರುದ್ಧವೆಂದು ತೆಗೆದುಹಾಕಲು ಹೇಳಿತು. ಎಪ್ಪತ್ತೆರಡು ವರ್ಷಗಳ ಮೇಲೂ ಅವು ಉಳಿದುಕೊಂಡಿದ್ದವು.

ಹೊರಗಿನವರ ಮೇಲೆ ಇಷ್ಟು ಕಣ್ಣಿಟ್ಟ ಸಮಾಜ ಒಳಗೆ ನೋಡಿತೇ? ಇಲ್ಲಿ ಮತ್ತೆ ಸ್ತ್ರೀಧನಕ್ಕೆ ಬರಬೇಕು. ವಿಜ್ಞಾನೇಶ್ವರ ಸ್ತ್ರೀಧನಕ್ಕೆ ಬಹಳ ವಿಶಾಲ ಅರ್ಥ ಕೊಟ್ಟಿದ್ದ. ತವರಿನ ಉಡುಗೊರೆ ಮಾತ್ರವಲ್ಲ, ಹೆಣ್ಣಿಗೆ ವಾರಸಿನಿಂದ, ಪಾಲಿನಿಂದ, ಕ್ರಯದಿಂದ ಬಂದದ್ದೂ ಅವಳದೇ ಎಂದಿದ್ದ. ಬ್ರಿಟಿಷ್ ಕಾಲದ ನ್ಯಾಯಾಲಯಗಳು ಅದನ್ನು ಒಪ್ಪದೆ, ವಾರಸಿನ ಆಸ್ತಿಯ ಮೇಲೆ ಹೆಣ್ಣಿಗೆ ಬದುಕಿರುವವರೆಗಿನ ಸೀಮಿತ ಹಕ್ಕು ಮಾತ್ರ ಎಂದವು. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆ ಮಾಡಿ ದಾರಿ ತೋರಿತು. ದೇಶಕ್ಕೆಲ್ಲ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಹೆಣ್ಣಿನ ಆಸ್ತಿ ಪೂರ್ಣವಾಗಿ ಅವಳದೇ ಎಂದಿತು. ಅಷ್ಟಾದರೂ ಒಡವೆ ಗಂಡನ ಮನೆಯ ಹೊಸ್ತಿಲು ದಾಟಿದ ಮೇಲೆ ಅದು ಜಂಟಿ ಸೊತ್ತು ಎಂಬ ವಾದ ಉಳಿದೇ ಇತ್ತು. 1985ರಲ್ಲಿ ಸುಪ್ರೀಂ ಕೋರ್ಟು, ಸ್ತ್ರೀಧನ ಹೆಂಡತಿಯದೇ, ಗಂಡನ ಮನೆಯವರು ಅದನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರು ಮಾತ್ರ, ಕೇಳಿದಾಗ ಕೊಡದಿದ್ದರೆ ಅದು ನಂಬಿಕೆದ್ರೋಹದ ಅಪರಾಧ ಎಂದು ಹೇಳಿತು. ಆಳು ಮಾಡಿದ ನಂಬಿಕೆದ್ರೋಹದ ಕಳವು ಕಾನೂನಿಗೆ 1860ರಲ್ಲಿಯೇ ಕಂಡಿತ್ತು, ಗಂಡನ ಮನೆಯದು ಹೀಗೆ ಸ್ಪಷ್ಟವಾಗಲು 125 ವರ್ಷ ಬೇಕಾಯಿತು. 2024ರ ಏಪ್ರಿಲಿನಲ್ಲಿ ಕೇರಳದ ಒಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಮತ್ತೆ ಇದನ್ನೇ ಹೇಳಬೇಕಾಯಿತು. ಅಲ್ಲಿ ಮದುವೆಯ ಮೊದಲ ರಾತ್ರಿಯೇ ಗಂಡ, ಜೋಪಾನ ಮಾಡುತ್ತೇನೆಂದು ಹೆಂಡತಿಯ 89 ಪವನು ಬಂಗಾರ ತೆಗೆದು ತಾಯಿಯ ಕೈಗೆ ಕೊಟ್ಟಿದ್ದನೆಂಬುದು ಆಕೆಯ ದೂರು. ಅದು ತಿರುಗಿ ಬರಲಿಲ್ಲ. ನ್ಯಾಯಾಲಯ 25 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆ ಮಾಡಿತು. ಆ ಬಂಗಾರ ಕಳೆದದ್ದು ಕನ್ನದಿಂದಲ್ಲ, ಜೋಪಾನದಿಂದ.

ಹೆಂಗಸರ ಹಣವನ್ನು ಸಾಸಿವೆ ಡಬ್ಬಿಯಿಂದ ಹೊರಗೆ ತರುವ ಕೆಲಸದಲ್ಲಿ ನಮ್ಮ ನಾಡಿನ ಕರಾವಳಿಯ ಪಾಲು ದೊಡ್ಡದು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟನೇ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಂಡು ಪುಸ್ತಕದಲ್ಲಿ ಬರೆದುಹೋಗುತ್ತಿದ್ದ. ಆ ಬ್ಯಾಂಕು 2020ರಲ್ಲಿ, 1906ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ನಮ್ಮ ಅಂಗಡಿ ಸಾಲುಗಳಲ್ಲಿ ಇನ್ನೂ ಜೀವಂತವಾಗಿದೆ. ಡಬ್ಬಿಯ ಹಣಕ್ಕೆ ಲೆಕ್ಕವಿಲ್ಲ, ಸಾಕ್ಷಿಯಿಲ್ಲ. ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಬರೆದ ಎರಡಾಣೆಯನ್ನು ಕಳ್ಳನೂ ಒಯ್ಯಲಾರ, ಮನೆಯವರೂ ನಮ್ಮದೆನ್ನಲಾರರು.

ಇಷ್ಟು ಹೇಳಿದ ಮೇಲೆ ಕೆಲವು ಮನೆವಾರ್ತೆಯ ಮಾತುಗಳನ್ನೂ ಹೇಳಬೇಕು. ಮುಂಬಾಗಿಲಿಗೆ ಸಾವಿರಾರು ರೂಪಾಯಿಯ ಬೀಗ ಹಾಕಿ ಹಿತ್ತಿಲ ಬಾಗಿಲಿಗೆ ಹಳೆಯ ಚಿಲಕ ಬಿಡುವುದು ನಮ್ಮಲ್ಲಿ ಸಾಮಾನ್ಯ. ಕಳ್ಳ ನೋಡುವುದು ಹಿತ್ತಿಲನ್ನೇ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ, ಅಂಗಳದ ಕಸ ಗುಡಿಸಿ ನೀರು ಹಾಕಲು, ಬಂದ ಪೇಪರು ತೆಗೆದಿಡಲು ಗೊತ್ತುಮಾಡಿ. ಎರಡು ದಿನ ರಂಗೋಲಿಯಿಲ್ಲದ ಅಂಗಳ ಮನೆ ಖಾಲಿ ಎಂದು ಡಂಗುರ ಸಾರುತ್ತದೆ. ಹತ್ತಿರದ ಪೊಲೀಸ್ ಠಾಣೆಗೂ ತಿಳಿಸಿ ಹೋಗುವುದು ಒಳ್ಳೆಯದು. ಅನುಮಾನ ಬಂದರೆ 112ಕ್ಕೆ ಫೋನು ಮಾಡಲು ಹಿಂಜರಿಯಬೇಡಿ. ಒಡವೆಗಳ ತೂಕ, ಫೋಟೋ, ರಸೀದಿ ಒಂದು ಕಡೆ ಇಡಿ, ಯಾವುದು ತವರಿನದು, ಯಾವುದು ನೀವು ದುಡಿದು ಕೊಂಡದ್ದು ಎಂದು ನಿಮ್ಮ ಅಕ್ಷರದಲ್ಲೇ ಬರೆದಿಡಿ. ಕಳವಾದರೆ ಪೊಲೀಸರಿಗೂ ಅದು ಬೇಕು, ಜಗಳವಾದರೆ ನ್ಯಾಯಾಲಯಕ್ಕೂ ಅದೇ ಬೇಕು. ಬ್ಯಾಂಕಿನ ಲಾಕರಿನಲ್ಲಿ ನಿಮ್ಮ ಹೆಸರೂ ಇರಲಿ, ನಾಮಿನಿಯ ಹೆಸರೂ ಇರಲಿ. ರಿಸರ್ವ್ ಬ್ಯಾಂಕಿನ 2021ರ ನಿಯಮದಂತೆ, ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ ಅಥವಾ ಸಿಬ್ಬಂದಿಯ ಮೋಸದಿಂದ ಲಾಕರಿನ ವಸ್ತು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ. ಬಾಡಿಗೆ ಎರಡು ಸಾವಿರವಾದರೆ ಎರಡು ಲಕ್ಷ. ಲಾಕರಿನಲ್ಲಿರುವ ಬಂಗಾರ ಅದಕ್ಕಿಂತ ಹೆಚ್ಚಿನದಾದರೆ ಪ್ರತ್ಯೇಕ ವಿಮೆಯ ಬಗ್ಗೆ ವಿಚಾರಿಸಬೇಕು.

ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಉಂಗುರವೊಂದು ಕಾಣದಾದಾಗ ನಮ್ಮ ನಾಲಿಗೆಗೆ ಮೊದಲು ಬರುವ ಹೆಸರು ಪಾತ್ರೆ ತೊಳೆಯಲು ಬರುವವಳದು. ಬಾಯಿಂದ ಅದು ಹೊರಡುವ ಮೊದಲು ಹಾಸಿಗೆಯ ಮಡಿಕೆ, ಸ್ನಾನದ ಮನೆಯ ಗೂಡು, ಹಿಟ್ಟಿನ ಡಬ್ಬಿ ಎಲ್ಲ ಹುಡುಕೋಣ. ಸಾಕ್ಷಿಯಿದ್ದರೆ ಠಾಣೆಯಿದೆ, ಕಾನೂನಿದೆ. ಸಾಕ್ಷಿಯಿಲ್ಲದ ಮಾತು ಓಣಿಯಲ್ಲಿ ಒಮ್ಮೆ ಬಿದ್ದರೆ ಆಕೆಗೆ ಮರುದಿನದಿಂದ ನಾಲ್ಕು ಮನೆಯ ಕೆಲಸ ತಪ್ಪುತ್ತದೆ. ಉಂಗುರ ಸಿಕ್ಕ ಮೇಲೂ ಆ ಮಾತು ಹಿಂದೆ ಬರುವುದಿಲ್ಲ. ಒಂದು ಸರಕಾರ ಎಂಬತ್ತು ವರ್ಷ ಕಾಯಿದೆಯಿಂದ ಮಾಡಿದ್ದನ್ನು ನಾವು ಒಂದು ಸಂಜೆಯ ಮಾತಿನಿಂದ ಮಾಡಬಾರದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮಗೆ ಗೊತ್ತು. ಬೀಗ ಗಟ್ಟಿಯಾಗಿರಲಿ, ಪಕ್ಕದ ಮನೆಯವರ ಜೊತೆ ಮಾತಿರಲಿ, ನಮ್ಮ ಒಡವೆಯ ಲೆಕ್ಕ ನಮ್ಮ ಕೈಯಲ್ಲಿರಲಿ. ಇವು ಮೂರೂ ಇದ್ದ ಮನೆಗೆ ಯಾರದೋ ಹುಟ್ಟನ್ನು ಅನುಮಾನಿಸುವ ನಾಲ್ಕನೆಯ ಕಾವಲು ಬೇಕಾಗುವುದಿಲ್ಲ.